ಓದುಗರ ಪ್ರಶ್ನೆ, ನಮ್ಮ ಉತ್ತರ: ಮೂವರ ಹಾಯಿದೋಣಿ ಮತ್ತು ಬೇಸಿಗೆಯ ಸರಣಿ

ಹಾಯಿದೋಣಿ ಸ್ಪರ್ಧೆಯ ಬಗ್ಗೆ ಈ ಬಾರಿ ಬಂದಿರುವ ಪತ್ರಗಳಲ್ಲಿ ಬಹುಪಾಲು ಚಿಕ್ಕ ತಂಡದವರವು. ಕೆಲಸ ಮುಗಿಸಿ ವಾರಕ್ಕೊಂದು ಸಂಜೆ ಕ್ಲಬ್ಬಿನ ರೇಸಿಗೆ ಇಳಿಯುವ ಹವ್ಯಾಸಿಗಳಿಗೆ ಸಾಕಷ್ಟು ಜನ ಸಿಗುವುದಿಲ್ಲ, ಸಿಕ್ಕವರು ಪ್ರತಿ ವಾರ ಬರುವುದಿಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ನಾವು ಮೂವರು ಸ್ನೇಹಿತರು ಸೇರಿ ಸುಮಾರು ಏಳು ಮೀಟರ್ ಉದ್ದದ ಹಳೆಯ ಹಾಯಿದೋಣಿಯೊಂದನ್ನು ಕೊಂಡಿದ್ದೇವೆ. ಈ ಬೇಸಿಗೆಯ ಸರಣಿಗೆ ಹೆಸರನ್ನೂ ಕೊಟ್ಟಾಗಿದೆ. ಅದೇ ಅಳತೆಯ ಬೇರೆ ದೋಣಿಗಳಲ್ಲಿ ಐದು ಜನ ಇರುತ್ತಾರೆ. ಮೂವರಿಂದ ಸ್ಪರ್ಧೆ ಸಾಧ್ಯವೇ, ಇಲ್ಲವೇ ಬೇಸಿಗೆಯಿಡೀ ಎಲ್ಲರ ಹಿಂದೆ ಬರುವುದೇ ಗತಿಯೇ?

ಉತ್ತರ: ಸಾಧ್ಯ. ಆದರೆ ಐವರು ಮಾಡುವುದನ್ನೆಲ್ಲ ಮೂವರೇ ಮಾಡಲು ಹೊರಟರೆ ಸೋಲು ಖಚಿತ. ನೀವು ಮೊದಲು ತೀರ್ಮಾನಿಸಬೇಕಾದದ್ದು ಏನನ್ನು ಮಾಡುವುದಿಲ್ಲ ಎಂಬುದನ್ನು.

ಗಾಳಿಗೆ ಎದುರಾಗಿ ಸಾಗುವಾಗ ದೋಣಿ ಒಂದು ಬದಿಗೆ ವಾಲುತ್ತದೆ. ಅದನ್ನು ನೆಟ್ಟಗಿಡುವುದು ಅಡಿಯಲ್ಲಿರುವ ಭಾರವಾದ ಕೀಲ್ ಮತ್ತು ಗಾಳಿಯ ಬದಿಯ ಅಂಚಿನಲ್ಲಿ ಕುಳಿತವರ ತೂಕ. ಐವರ ದೋಣಿಗೆ ಹೋಲಿಸಿದರೆ ನಿಮ್ಮಲ್ಲಿ ಇಬ್ಬರ ತೂಕ ಕಡಿಮೆ. ಆದ್ದರಿಂದ ಗಾಳಿ ಬಲವಾದಾಗ ನಿಮ್ಮ ದೋಣಿ ಬೇಗ ವಾಲುತ್ತದೆ. ವಾಲಿದ ದೋಣಿ ತಾನಾಗಿ ಗಾಳಿಯ ಕಡೆಗೆ ತಿರುಗಲು ನೋಡುತ್ತದೆ. ಅದನ್ನು ತಡೆಯಲು ಚುಕ್ಕಾಣಿಯನ್ನು ಅಡ್ಡ ಹಿಡಿಯಬೇಕಾಗುತ್ತದೆ. ಅಡ್ಡ ಹಿಡಿದ ಚುಕ್ಕಾಣಿ ನೀರಿನಲ್ಲಿ ಬ್ರೇಕಿನಂತೆ ಕೆಲಸ ಮಾಡುತ್ತದೆ. ಇದಕ್ಕೆ ಪರಿಹಾರ ಬೇರೆಯವರಿಗಿಂತ ಮೊದಲೇ ಹಾಯಿಯನ್ನು ಕಿರಿದು ಮಾಡುವುದು. ದೊಡ್ಡ ಜಿಬ್ (ಮುಂಭಾಗದ ಹಾಯಿ) ಇಳಿಸಿ ಚಿಕ್ಕದನ್ನು ಏರಿಸಿ, ಮುಖ್ಯ ಹಾಯಿಯನ್ನು ಚಪ್ಪಟೆಯಾಗುವಂತೆ ಬಿಗಿಗೊಳಿಸಿ, ಅಗತ್ಯವಾದರೆ ಒಂದು ಮಡಿಕೆ ಕಟ್ಟಿಬಿಡಿ. ನೋಡುವವರಿಗೆ ಅದು ಪುಕ್ಕಲುತನವೆಂದು ತೋರಬಹುದು, ತೋರಲಿ. ಗಾಳಿ ಕಡಿಮೆಯಿರುವ ಸಂಜೆ ಇದೇ ಹಗುರತನ ನಿಮಗೆ ಲಾಭ. ಕಡಿಮೆ ತೂಕದ ದೋಣಿ ನೀರಿನಲ್ಲಿ ಕಡಿಮೆ ಮುಳುಗುತ್ತದೆ, ಬೇಗ ವೇಗ ಪಡೆಯುತ್ತದೆ.

ಕೆಲಸದ ಹಂಚಿಕೆಯನ್ನು ದಡದಲ್ಲೇ ಮುಗಿಸಿಕೊಳ್ಳಿ. ಒಬ್ಬರು ಚುಕ್ಕಾಣಿ ಹಿಡಿಯಲಿ, ದೋಣಿಯ ವೇಗದ ಹೊರತು ಬೇರೇನನ್ನೂ ಯೋಚಿಸದಿರಲಿ. ಇನ್ನೊಬ್ಬರು ಮುಖ್ಯ ಹಾಯಿಯ ಹಗ್ಗದ ಜೊತೆಗೆ ಗಾಳಿ, ದಾರಿ ತೋರುವ ತೇಲುಗುರುತುಗಳು ಮತ್ತು ಸುತ್ತಲಿನ ದೋಣಿಗಳ ಮೇಲೆ ಕಣ್ಣಿಡಲಿ. ಮೂರನೆಯವರಿಗೆ ಜಿಬ್ ಮತ್ತು ಮುಂಭಾಗದ ಕೆಲಸ. ಗಾಳಿಯನ್ನು ಬೆನ್ನಿಗೆ ಹಾಕಿ ಓಡುವಾಗ ಏರಿಸುವ ಬಲೂನಿನಂಥ ದೊಡ್ಡ ಹಾಯಿ, ಅಂದರೆ ಸ್ಪಿನೇಕರ್, ಮೂವರಿಗೆ ನಿಜವಾದ ಪರೀಕ್ಷೆ. ಎಷ್ಟೋ ಕ್ಲಬ್ಬುಗಳಲ್ಲಿ ಸ್ಪಿನೇಕರ್ ಬಳಸದ ದೋಣಿಗಳಿಗೇ ಪ್ರತ್ಯೇಕ ವಿಭಾಗವಿರುತ್ತದೆ. ಮೊದಲ ಬೇಸಿಗೆಯಲ್ಲಿ ಅದಕ್ಕೇ ಹೆಸರು ಕೊಡುವುದು ಜಾಣತನ ಎಂಬುದು ನಮ್ಮ ಅಭಿಪ್ರಾಯ. ತಪ್ಪಾಗಿ ಇಳಿಸಿದ ಒಂದು ಸ್ಪಿನೇಕರ್ ನೀರಿಗೆ ಬಿದ್ದು ಕೀಲಿಗೆ ಸುತ್ತಿಕೊಂಡರೆ, ಅದುವರೆಗೆ ಗಳಿಸಿದ ಮುನ್ನಡೆಯೆಲ್ಲ ಎರಡೇ ನಿಮಿಷದಲ್ಲಿ ಕರಗಿಹೋಗುತ್ತದೆ.

ಇನ್ನೊಂದು ಮಾತು: ಮೂರು ಸ್ಥಾನಗಳಿಗೆ ಐದು ಹೆಸರುಗಳ ಪಟ್ಟಿ ಇಟ್ಟುಕೊಳ್ಳಿ. ಮದುವೆ, ಪ್ರಯಾಣ, ಜ್ವರ, ಕಚೇರಿಯ ತುರ್ತು ಇವೆಲ್ಲ ಬೇಸಿಗೆಯಲ್ಲೇ ಬರುತ್ತವೆ.

ಪ್ರಶ್ನೆ: ಕಳೆದ ರೇಸಿನಲ್ಲಿ ನಾವು ಎಲ್ಲರಿಗಿಂತ ಮೊದಲು ಗೆರೆ ದಾಟಿದೆವು. ಫಲಿತಾಂಶದ ಹಾಳೆಯಲ್ಲಿ ನಮಗೆ ನಾಲ್ಕನೆಯ ಸ್ಥಾನ. ಐದು ನಿಮಿಷ ಹಿಂದೆ ಬಂದ ದೋಣಿಗೆ ಮೊದಲ ಸ್ಥಾನ! ಇದು ಯಾವ ನ್ಯಾಯ?

ಉತ್ತರ: ಇದು ಹ್ಯಾಂಡಿಕ್ಯಾಪ್ ಎಂಬ ನ್ಯಾಯ. ಬೇರೆ ಬೇರೆ ಅಳತೆಯ ದೋಣಿಗಳು ಒಟ್ಟಿಗೆ ಓಡುವಾಗ ದೊಡ್ಡ ದೋಣಿಯೇ ಸಹಜವಾಗಿ ಮುಂದೆ ಬರುತ್ತದೆ. ಹಾಗಾಗಿ ಪ್ರತಿ ದೋಣಿಗೂ ಅದರ ಸಾಮರ್ಥ್ಯಕ್ಕೆ ತಕ್ಕ ಅಂಕಿಯೊಂದನ್ನು ಕೊಟ್ಟು, ನಿಜವಾಗಿ ತೆಗೆದುಕೊಂಡ ಕಾಲವನ್ನು ಆ ಅಂಕಿಯಿಂದ ಸರಿಹೊಂದಿಸಿ, ಸರಿಹೊಂದಿಸಿದ ಕಾಲದ ಮೇಲೆ ಸ್ಥಾನ ನಿರ್ಧರಿಸುತ್ತಾರೆ.

ಇದರಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಪದ್ಧತಿಯಲ್ಲಿ ತೆಗೆದುಕೊಂಡ ಕಾಲವನ್ನು 1000ದಿಂದ ಗುಣಿಸಿ ದೋಣಿಯ ಅಂಕಿಯಿಂದ ಭಾಗಿಸುತ್ತಾರೆ. 1000 ಅಂಕಿಯ ದೋಣಿ 60 ನಿಮಿಷದಲ್ಲಿ ಮುಗಿಸಿತು ಎನ್ನಿ. ಅದರ ಸರಿಹೊಂದಿಸಿದ ಕಾಲವೂ 60 ನಿಮಿಷವೇ. 1100 ಅಂಕಿಯ ನಿಧಾನದ ದೋಣಿ 65 ನಿಮಿಷ 30 ಸೆಕೆಂಡಿಗೆ ಬಂದರೆ ಅದರ ಲೆಕ್ಕ 59 ನಿಮಿಷ 33 ಸೆಕೆಂಡಿಗೆ ಇಳಿಯುತ್ತದೆ. ಐದೂವರೆ ನಿಮಿಷ ಹಿಂದೆ ಬಂದರೂ ಗೆಲುವು ಅದರದೇ, ಅದೂ 27 ಸೆಕೆಂಡಿನಿಂದ. ಉತ್ತರ ಅಮೆರಿಕದ ಕ್ಲಬ್ಬುಗಳಲ್ಲಿ ಹೆಚ್ಚು ಪ್ರಚಲಿತವಾಗಿರುವ ಪಿಎಚ್‌ಆರ್‌ಎಫ್ (ಪರ್ಫಾರ್ಮೆನ್ಸ್ ಹ್ಯಾಂಡಿಕ್ಯಾಪ್ ರೇಸಿಂಗ್ ಫ್ಲೀಟ್) ಪದ್ಧತಿಯ ಅಂಕಿ ಮೈಲಿಗೆ ಇಷ್ಟು ಸೆಕೆಂಡ್ ಎಂಬ ವಿನಾಯಿತಿ. ಒಂದರ ಅಂಕಿ 150, ಇನ್ನೊಂದರದು 180 ಆದರೆ ಆರು ನಾಟಿಕಲ್ ಮೈಲಿಯ ಓಟದಲ್ಲಿ ಎರಡನೆಯದಕ್ಕೆ ಮೂರು ನಿಮಿಷ ಸಿಗುತ್ತದೆ. ಗಾಳಿ ಬೀಸಲಿ, ಬಿಡಲಿ, ಅದೇ ಮೂರು ನಿಮಿಷ. ಇದರಿಂದ ಒಂದು ವಿಚಿತ್ರ ಹುಟ್ಟುತ್ತದೆ. ಗಾಳಿ ಸತ್ತ ಸಂಜೆ ಓಟ ಎಳೆದಷ್ಟೂ ದೋಣಿಗಳ ನಡುವಿನ ಅಂತರ ಹಿಗ್ಗುತ್ತದೆ, ವಿನಾಯಿತಿ ಮಾತ್ರ ಹಿಗ್ಗುವುದಿಲ್ಲ. ಆಗ ವೇಗದ ದೋಣಿಗೆ ಲಾಭ. ಬಿರುಗಾಳಿಯಲ್ಲಿ ಓಟ ಬೇಗ ಮುಗಿಯುವುದರಿಂದ ನಿಧಾನದ ದೋಣಿಗೆ ಲಾಭ. ಪಿಎಚ್‌ಆರ್‌ಎಫ್ ಅನುಸರಿಸುವ ಕೆಲವು ಕ್ಲಬ್ಬುಗಳು ಇದನ್ನು ತಪ್ಪಿಸಲೆಂದೇ ಅದೇ ಅಂಕಿಗಳನ್ನು ಕಾಲಕ್ಕೆ ಗುಣಿಸುವ ಸೂತ್ರಕ್ಕೆ ಬದಲಾಯಿಸಿಕೊಂಡಿವೆ.

ನಿಮಗೆ ಹೇಳಬೇಕಾದದ್ದು ಇಷ್ಟೇ: ಗೆರೆ ದಾಟಿದ ಕ್ರಮವನ್ನು ಮರೆತು, ಫಲಿತಾಂಶದ ಹಾಳೆಯಲ್ಲಿ ನಿಮ್ಮ ಮೇಲಿನ ದೋಣಿಗೂ ನಿಮಗೂ ಎಷ್ಟು ಸೆಕೆಂಡಿನ ವ್ಯತ್ಯಾಸವಿದೆ ಎಂದು ನೋಡಿ. ಬಹಳ ಸಲ ಅದು ಒಂದು ಕೆಟ್ಟ ತಿರುವಿನಲ್ಲಿ ಕಳೆದುಕೊಂಡ ಸಮಯಕ್ಕಿಂತ ಕಡಿಮೆಯಿರುತ್ತದೆ.

ಪ್ರಶ್ನೆ: ನಮ್ಮ ಆರಂಭ ಪ್ರತಿ ವಾರವೂ ಕೆಡುತ್ತದೆ. ಒಮ್ಮೆ ಬೇಗ ಹೋಗಿ ಹಿಂದಕ್ಕೆ ಕರೆಸಿಕೊಳ್ಳುತ್ತೇವೆ, ಮತ್ತೊಮ್ಮೆ ಎಲ್ಲರೂ ಹೋದ ಮೇಲೆ ಹೊರಡುತ್ತೇವೆ. ಮೂವರೇ ಇರುವ ದೋಣಿಯಲ್ಲಿ ಇದನ್ನು ಹೇಗೆ ಸರಿಪಡಿಸುವುದು?

ಉತ್ತರ: ಈ ಪ್ರಶ್ನೆಗೆ ವಿಸ್ತಾರವಾಗಿ ಉತ್ತರಿಸಬೇಕು, ಏಕೆಂದರೆ ಒಂದು ಗಂಟೆಯ ಕ್ಲಬ್ ರೇಸಿನ ಅರ್ಧ ಫಲಿತಾಂಶ ಮೊದಲ ಮೂರು ನಿಮಿಷಗಳಲ್ಲೇ ನಿರ್ಧಾರವಾಗಿರುತ್ತದೆ.

ಸಾಮಾನ್ಯ ಕ್ರಮ ಹೀಗಿದೆ. ಐದು ನಿಮಿಷವಿರುವಾಗ ನಿಮ್ಮ ವರ್ಗದ ಬಾವುಟ ಏರುತ್ತದೆ. ನಾಲ್ಕು ನಿಮಿಷಕ್ಕೆ ಸಿದ್ಧತೆಯ ಬಾವುಟ, ಸಾಮಾನ್ಯವಾಗಿ ‘ಪಿ’, ಏರುತ್ತದೆ. ಒಂದು ನಿಮಿಷವಿರುವಾಗ ಅದು ಇಳಿಯುತ್ತದೆ. ವರ್ಗದ ಬಾವುಟ ಇಳಿದ ಕ್ಷಣವೇ ಆರಂಭ. ತುತ್ತೂರಿಯ ಸದ್ದು ಗಮನ ಸೆಳೆಯಲು ಮಾತ್ರ. ನಿಯಮದ ಪ್ರಕಾರ ಕಾಲವನ್ನು ಲೆಕ್ಕ ಹಿಡಿಯಬೇಕಾದದ್ದು ಬಾವುಟದಿಂದ. ತುತ್ತೂರಿ ಕೈಕೊಟ್ಟರೂ ಆರಂಭ ಆರಂಭವೇ. ಗಡಿಯಾರವನ್ನು ಐದು ನಿಮಿಷಕ್ಕೆ ಒತ್ತಿ, ನಾಲ್ಕಕ್ಕೆ ಸರಿನೋಡಿ.

ಅದಕ್ಕೂ ಮೊದಲು ಗೆರೆಯನ್ನು ಪರೀಕ್ಷಿಸಿ. ರೇಸ್ ನಡೆಸುವ ಸಮಿತಿಯ ದೋಣಿಗೂ ಇನ್ನೊಂದು ತುದಿಯ ತೇಲುಗುರುತಿಗೂ ನಡುವಿನ ಈ ಕಾಲ್ಪನಿಕ ಗೆರೆ ಗಾಳಿಗೆ ಸರಿಯಾಗಿ ಅಡ್ಡಲಾಗಿರುವುದು ಅಪರೂಪ. ಗೆರೆಯ ಮಧ್ಯದಲ್ಲಿ ದೋಣಿಯನ್ನು ನೇರ ಗಾಳಿಗೆ ಮುಖಮಾಡಿ ನಿಲ್ಲಿಸಿ. ಮುಂತುದಿ ಯಾವ ತುದಿಯ ಕಡೆಗೆ ಹೆಚ್ಚು ಬಾಗಿದೆಯೋ ಆ ತುದಿ ಗಾಳಿಗೆ ಹತ್ತಿರ, ಅಲ್ಲಿಂದ ಹೊರಟವರಿಗೆ ದಾರಿ ಕಡಿಮೆ. ನೂರು ಮೀಟರ್ ಉದ್ದದ ಗೆರೆ ಹತ್ತು ಡಿಗ್ರಿ ಓರೆಯಿದ್ದರೆ ಎರಡು ತುದಿಗಳ ನಡುವಿನ ವ್ಯತ್ಯಾಸ ಸುಮಾರು 17 ಮೀಟರ್, ಅಂದರೆ ನಿಮ್ಮಂಥ ದೋಣಿಯ ಎರಡು ಉದ್ದಕ್ಕೂ ಹೆಚ್ಚು. ಹಾಗೆಂದು ಎಲ್ಲರೂ ನುಗ್ಗುವ ಆ ಮೂಲೆಗೇ ಹೋಗಬೇಕೆಂದಿಲ್ಲ. ಚಿಕ್ಕ ತಂಡ ಜಗಳದ ಜಾಗದಲ್ಲಿ ಚುರುಕಾಗಿ ತಿರುಗಲಾರದು. ಒಳ್ಳೆಯ ತುದಿಯಿಂದ ಮೂರು ನಾಲ್ಕು ದೋಣಿಗಳಷ್ಟು ಒಳಗೆ ಬಂದು, ಶುದ್ಧ ಗಾಳಿಯಲ್ಲಿ ಪೂರ್ಣ ವೇಗದಿಂದ ಹೊರಡುವುದೇ ಮೇಲು.

ಕೊನೆಯ ಒಂದೂವರೆ ನಿಮಿಷ ಹೀಗಿರಲಿ. ಗಾಳಿ ಬಲಬದಿಯಿಂದ ಬರುವಂತೆ, ಅಂದರೆ ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿ, ಗೆರೆಯಿಂದ ನಾಲ್ಕೈದು ದೋಣಿಯುದ್ದ ಕೆಳಗೆ, ಅಂದರೆ ಗಾಳಿ ಹೋಗುವ ದಿಕ್ಕಿನಲ್ಲಿ, ಹಾಯಿ ಸಡಿಲಿಸಿ ತೆವಳುತ್ತಿರಿ. ಮುಖ್ಯ ಹಾಯಿಯವರು ಗಡಿಯಾರ ನೋಡಿ ಗಟ್ಟಿಯಾಗಿ ಎಣಿಸಲಿ, ಬೇರೆ ಯಾರೂ ಮಾತನಾಡಬಾರದು. ಜಿಬ್ಬಿನವರು ಹಾಯಿಯ ಅಡಿಯಿಂದ ಬಗ್ಗಿ ನೋಡುತ್ತ ಗಾಳಿಮರೆಯ ಬದಿಯಲ್ಲಿ ಎಷ್ಟು ಜಾಗವಿದೆ ಎಂದು ತಿಳಿಸಲಿ. ಆ ಜಾಗವನ್ನು ಯಾರಿಗೂ ಬಿಟ್ಟುಕೊಡಬೇಡಿ, ಏಕೆಂದರೆ ಕೊನೆಯಲ್ಲಿ ಹಾಯಿಯನ್ನು ಬಿಗಿಹಿಡಿದು ಸ್ವಲ್ಪ ಕೆಳಗೆ ತಿರುಗಿ ವೇಗ ಪಡೆಯುವುದು ಅಲ್ಲಿಯೇ. ಐದು ನಾಟ್ ವೇಗದ ದೋಣಿ ಸೆಕೆಂಡಿಗೆ ಸುಮಾರು ಎರಡೂವರೆ ಮೀಟರ್ ಸಾಗುತ್ತದೆ. ಮೂರು ಸೆಕೆಂಡ್ ತಡವೆಂದರೆ ಪೂರ್ತಿ ಒಂದು ದೋಣಿಯುದ್ದ ಹಿಂದೆ ಉಳಿದಂತೆ. ನಿಂತ ದೋಣಿಗೆ ಆ ವೇಗ ಬರಲು ಎಷ್ಟು ಸೆಕೆಂಡ್ ಬೇಕೆಂದು ಯಾವುದಾದರೂ ಬಿಡುವಿನ ದಿನ ಅಳೆದಿಟ್ಟುಕೊಳ್ಳಿ. ಗೆರೆ ಎಲ್ಲಿದೆ ಎಂದು ತಿಳಿಯದೆ ಹಿಂದೆ ಉಳಿಯುವವರೇ ಹೆಚ್ಚು. ಅದಕ್ಕೂ ಉಪಾಯವಿದೆ: ಮೊದಲೇ ಗೆರೆಯ ಹೊರಗೆ ನಿಂತು ಎರಡೂ ತುದಿಗಳನ್ನು ಒಂದೇ ನೇರಕ್ಕೆ ತಂದು, ಅವುಗಳ ಹಿಂದೆ ದಡದ ಮೇಲೆ ಕಾಣುವ ಮರವನ್ನೋ ಕಟ್ಟಡವನ್ನೋ ಗುರುತಿಟ್ಟುಕೊಂಡರೆ, ಆಮೇಲೆ ಗೆರೆಯ ನಡುವಿನಿಂದಲೂ ಅದು ತಿಳಿಯುತ್ತದೆ.

ಬೇಗ ದಾಟಿದರೆ ಸಮಿತಿಯು ‘ಎಕ್ಸ್’ ಬಾವುಟವನ್ನು ಒಂದು ಸದ್ದಿನೊಂದಿಗೆ ಏರಿಸುತ್ತದೆ. ಆಗ ಇಡೀ ದೋಣಿ ಗೆರೆಯ ಹಿಂದಕ್ಕೆ ಹೋಗಿ ಮತ್ತೆ ಹೊರಡಬೇಕು, ಹಿಂದಿರುಗುವಾಗ ಬೇರೆಯವರಿಗೆಲ್ಲ ದಾರಿ ಬಿಡಬೇಕು. ಅನುಮಾನವಿದ್ದರೆ ಹಿಂದಿರುಗಿ. ಅರ್ಧ ನಿಮಿಷದ ನಷ್ಟ ಸಹಿಸಬಹುದು. ಹಿಂದಿರುಗದೆ ಓಡಿದರೆ ಆ ಸಂಜೆಯ ಶ್ರಮವೆಲ್ಲ ವ್ಯರ್ಥ. ಸಮಿತಿಯ ದೋಣಿಯ ಪಕ್ಕದ ಸಂದಿಗೆ ಮೇಲಿನಿಂದ ತೂರಿಕೊಳ್ಳುವ ಆಸೆಯನ್ನೂ ಬಿಡಿ. ಆರಂಭದ ಹೊತ್ತಿನಲ್ಲಿ ಅಲ್ಲಿ ಜಾಗ ಕೇಳುವ ಹಕ್ಕು ಗಾಳಿಯ ಬದಿಯ ದೋಣಿಗೆ ಇಲ್ಲ.

ಪ್ರಶ್ನೆ: ನಮಗೆ ಗಾಳಿ ಎಡಬದಿಯಿಂದ ಇತ್ತು. ಎದುರಿನಿಂದ ಬಂದವರು ‘ಸ್ಟಾರ್‌ಬೋರ್ಡ್’ ಎಂದು ಕೂಗಿದರು. ನಾವು ತಡವಾಗಿ ತಿರುಗಿದ್ದರಿಂದ ಎರಡೂ ದೋಣಿಗಳು ಸ್ವಲ್ಪ ತಾಗಿದವು, ಗೀರೂ ಬೀಳಲಿಲ್ಲ. ಆದರೂ ಅವರು ದೂರು ಕೊಟ್ಟಿದ್ದಾರೆ. ಸ್ನೇಹದ ರೇಸಿನಲ್ಲಿ ಇದು ಅತಿಯಾಯಿತಲ್ಲವೇ?

ಉತ್ತರ: ಅತಿಯಲ್ಲ. ವಿರುದ್ಧ ಟ್ಯಾಕ್‌ಗಳಲ್ಲಿ ಎದುರಾದಾಗ ಎಡಬದಿಯಿಂದ ಗಾಳಿ ಪಡೆಯುವ ದೋಣಿ ದಾರಿ ಬಿಡಬೇಕು. ಇದು ಸ್ಪರ್ಧಾ ನಿಯಮಗಳಲ್ಲಿ 10ನೆಯದು. ತಿರುಗುವ ನಡುವೆ, ಹೊಸ ದಿಕ್ಕಿನಲ್ಲಿ ಸರಿಯಾಗಿ ಸಾಗತೊಡಗುವವರೆಗೂ, ಇತರರಿಂದ ದೂರವಿರಬೇಕು, ಇದು 13ನೆಯದು. ಕೂಗುವುದು ಅವರಿಗೆ ಕಡ್ಡಾಯವಾಗಿರಲಿಲ್ಲ, ಸೌಜನ್ಯಕ್ಕೆ ಕೂಗಿದ್ದಾರೆ. ಗೀರು ಬಿತ್ತೇ ಇಲ್ಲವೇ ಎಂಬುದು ಇಲ್ಲಿ ಮುಖ್ಯವಲ್ಲ.

ನೀವು ಆಗಲೇ ಮಾಡಬೇಕಾಗಿದ್ದ ಕೆಲಸ ಸುಲಭದ್ದಾಗಿತ್ತು: ಕೂಡಲೇ ಬೇರೆ ದೋಣಿಗಳಿಂದ ದೂರ ಸರಿದು, ಒಂದೇ ದಿಕ್ಕಿನಲ್ಲಿ ಎರಡು ಸುತ್ತು, ಎರಡು ಟ್ಯಾಕ್ (ಮುಂತುದಿ ಗಾಳಿಯನ್ನು ದಾಟುವ ತಿರುವು) ಮತ್ತು ಎರಡು ಜೈಬ್ (ಹಿಂತುದಿ ಗಾಳಿಯನ್ನು ದಾಟುವ ತಿರುವು) ಸೇರಿ, ತಿರುಗಿಬಿಡುವುದು. ಅಲ್ಲಿಗೆ ತಪ್ಪು ತೀರುತ್ತಿತ್ತು. ತೇಲುಗುರುತನ್ನು ಮುಟ್ಟಿದರೆ ಒಂದೇ ಸುತ್ತು ಸಾಕು. ಆದರೆ ಯಾರಿಗಾದರೂ ಗಾಯವಾಗಿದ್ದರೆ, ಗಂಭೀರ ಹಾನಿಯಾಗಿದ್ದರೆ, ಅಥವಾ ತಪ್ಪಿನಿಂದ ದೊಡ್ಡ ಲಾಭ ಸಿಕ್ಕಿದ್ದರೆ ಸುತ್ತು ಸಾಲದು, ಸ್ಪರ್ಧೆಯಿಂದಲೇ ಹಿಂದೆ ಸರಿಯಬೇಕು. ಮೂವರ ದೋಣಿಯಲ್ಲಿ ಈ ಸುತ್ತುಗಳನ್ನು ಒಮ್ಮೆಯಾದರೂ ಅಭ್ಯಾಸ ಮಾಡಿರಬೇಕು. ಹಗ್ಗ ಸಿಕ್ಕಿಹಾಕಿಕೊಂಡರೆ ಎರಡು ಸುತ್ತಿಗೆ ಎರಡು ನಿಮಿಷವೂ ಹಿಡಿಯಬಹುದು.

ಮುಂದೆ ನೀವೇ ದೂರು ಕೊಡಬೇಕಾಗಿ ಬಂದರೆ ಕೂಡಲೇ ‘ಪ್ರೊಟೆಸ್ಟ್’ ಎಂದು ಕೂಗಬೇಕು, ದೋಣಿ ಆರು ಮೀಟರ್ ಅಥವಾ ಅದಕ್ಕಿಂತ ಉದ್ದವಿದ್ದರೆ ಕೆಂಪು ಬಾವುಟವನ್ನೂ ತೋರಿಸಬೇಕು. ನಿಯಮಗಳನ್ನು ವರ್ಲ್ಡ್ ಸೇಲಿಂಗ್ ಸಂಸ್ಥೆ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತದೆ. ಈಗ ಜಾರಿಯಲ್ಲಿರುವುದು 2025ರಿಂದ 2028ರವರೆಗಿನದು. ಹಳೆಯ ಪುಸ್ತಕ ಹಿಡಿದು ವಾದಿಸಲು ಹೋಗಬೇಡಿ. ವಿಚಾರಣೆಗೆ ಹೋಗಿ, ನಡೆದದ್ದನ್ನು ನಡೆದಂತೆ ಹೇಳಿ. ಅದೇ ರಾತ್ರಿ ಅವರೊಡನೆ ಕುಳಿತು ಊಟ ಮಾಡಲು ಏನೂ ಅಡ್ಡಿಯಿಲ್ಲ.

ಪ್ರಶ್ನೆ: ಇರುವ ಸ್ವಲ್ಪ ಹಣದಲ್ಲಿ ಹೊಸ ಜಿಬ್ ಕೊಳ್ಳಬೇಕೇ, ದೋಣಿಯ ತಳವನ್ನು ಸ್ವಚ್ಛಗೊಳಿಸಬೇಕೇ?

ಉತ್ತರ: ತಳ. ಪಾಚಿಯ ತೆಳು ಲೋಳೆಯೂ ವೇಗವನ್ನು ತಿನ್ನುತ್ತದೆ, ಉಜ್ಜಲು ಬೇಕಾದದ್ದು ತೋಳಿನ ಬಲ ಮಾತ್ರ. ಜಿಬ್ ಮುಂದಿನ ವರ್ಷ ನೋಡೋಣ.

ಪ್ರಶ್ನೆ: ನಮ್ಮ ಸಂಜೆಯ ರೇಸುಗಳಲ್ಲಿ ಅರ್ಧ ದಾರಿಗೆ ಗಾಳಿ ಕೈಕೊಡುತ್ತದೆ. ಮುಂದೆ ಇರುವವರು ಮಾತ್ರ ಹೇಗೋ ಮುಗಿಸುತ್ತಾರೆ. ಇದು ಅದೃಷ್ಟವೇ?

ಉತ್ತರ: ಸ್ವಲ್ಪ ಅದೃಷ್ಟ, ಹೆಚ್ಚಿನದು ಸೂರ್ಯ. ಬೇಸಿಗೆಯ ಹಗಲಿನಲ್ಲಿ ನೆಲ ನೀರಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇರಿದಾಗ ಆ ಜಾಗಕ್ಕೆ ನೀರಿನ ಮೇಲಿನ ತಂಪುಗಾಳಿ ನುಗ್ಗುತ್ತದೆ. ಮಧ್ಯಾಹ್ನ ಜೋರಾಗಿರುವ ಈ ಕಡಲಗಾಳಿ ಬಿಸಿಲು ಇಳಿದಂತೆ ಸೊರಗುತ್ತದೆ. ದೊಡ್ಡ ಸರೋವರಗಳಲ್ಲಿಯೂ ಹೀಗೆಯೇ. ಉತ್ತರ ಗೋಳಾರ್ಧದಲ್ಲಿ ಹೊತ್ತು ಸರಿದಂತೆ ಅದು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುವ ಪ್ರವೃತ್ತಿಯನ್ನೂ ತೋರುತ್ತದೆ.

ಆದ್ದರಿಂದ ಸಂಜೆಯ ರೇಸಿನಲ್ಲಿ ಗಾಳಿ ಇರುವಾಗಲೇ ಮುಂದೆ ಹೋಗಿಬಿಡಬೇಕು. ಗಾಳಿಯ ದಿಕ್ಕು ಬದಲಾದಾಗ ನಿಮ್ಮ ಮುಂತುದಿ ಗುರುತಿನಿಂದ ದೂರ ಸರಿದರೆ ತಿರುಗಿ, ಹತ್ತಿರ ಸರಿದರೆ ಹಾಗೆಯೇ ಸಾಗಿ. ಆದರೆ ಪ್ರತಿ ತಿರುವಿಗೂ ವೇಗದ ಬೆಲೆ ತೆರಬೇಕು, ಮೂವರ ತಂಡಕ್ಕೆ ಆ ಬೆಲೆ ಇನ್ನೂ ಹೆಚ್ಚು. ನಾಲ್ಕೈದು ಡಿಗ್ರಿಯ ಚಿಕ್ಕಪುಟ್ಟ ಬದಲಾವಣೆಗೆಲ್ಲ ತಿರುಗದೆ, ಹತ್ತು ಡಿಗ್ರಿಯ ಮತ್ತು ಉಳಿದು ನಿಲ್ಲುವ ಬದಲಾವಣೆಗೆ ಮಾತ್ರ ತಿರುಗಿ. ಗಾಳಿ ಪೂರ್ತಿ ಬಿದ್ದಾಗ ಮೂವರೂ ಅಲುಗಾಡದೆ ಗಾಳಿಮರೆಯ ಬದಿಯಲ್ಲಿ ಕುಳಿತುಕೊಳ್ಳಿ. ದೋಣಿ ಸ್ವಲ್ಪ ವಾಲಿದರೆ ಹಾಯಿ ತನ್ನ ತೂಕದಿಂದಲೇ ಆಕಾರ ಹಿಡಿಯುತ್ತದೆ. ಸಮಿತಿಯ ದೋಣಿಯ ಮೇಲೂ ಕಣ್ಣಿರಲಿ. ‘ಎಸ್’ ಬಾವುಟ ಏರಿದರೆ ದಾರಿಯನ್ನು ಮೊಟಕುಗೊಳಿಸಿದ್ದಾರೆಂದು ಅರ್ಥ, ಅಂತಿಮ ಗೆರೆ ನೀವೆಣಿಸಿದ್ದಕ್ಕಿಂತ ಹತ್ತಿರದಲ್ಲಿರುತ್ತದೆ.

ಪ್ರಶ್ನೆ: ನನ್ನ ಹದಿನಾರು ವರ್ಷದ ಮಗಳನ್ನು ಮೂವರ ತಂಡವೊಂದು ಸೇರಿಸಿಕೊಂಡಿದೆ. ಅವಳಿಗೆ ಈಜು ಅಷ್ಟಕ್ಕಷ್ಟೇ. ಲೈಫ್ ಜಾಕೆಟ್ ಹಾಕಿದರೆ ಸಾಕೇ? ಕ್ಲಬ್ಬಿನವರು ನೋಡಿಕೊಳ್ಳುವುದಿಲ್ಲವೇ?

ಉತ್ತರ: ತಾಯಿಯಾಗಿ ನೀವು ಕೇಳಿದ್ದು ಸರಿಯಾಗಿದೆ. ಎರಡನೆಯ ಪ್ರಶ್ನೆಯಿಂದ ಆರಂಭಿಸೋಣ. ಸ್ಪರ್ಧೆಗೆ ಇಳಿಯುವ ಮತ್ತು ಸ್ಪರ್ಧೆಯಲ್ಲಿ ಮುಂದುವರಿಯುವ ತೀರ್ಮಾನದ ಹೊಣೆ ಆಯಾ ದೋಣಿಯದೇ ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಸಮಿತಿ ರೇಸ್ ನಡೆಸುತ್ತಿದೆ ಎಂದಮಾತ್ರಕ್ಕೆ ಹವಾಮಾನ ಸುರಕ್ಷಿತವೆಂದು ತಿಳಿಯಬಾರದು. ಆದ್ದರಿಂದ ನೀವು ಮಾತನಾಡಬೇಕಾದದ್ದು ಆ ದೋಣಿಯ ಮುಖ್ಯಸ್ಥರೊಡನೆ. ‘ವೈ’ ಬಾವುಟ ಏರಿದಾಗ ಎಲ್ಲರೂ ಜಾಕೆಟ್ ಧರಿಸುವುದು ಕಡ್ಡಾಯ. ನಿಮ್ಮ ಮಗಳು ಬಾವುಟಕ್ಕೆ ಕಾಯದೆ ದಡದಿಂದ ದಡದವರೆಗೆ ಧರಿಸಿರಲಿ. ಅದು ತಾನಾಗಿ ಉಬ್ಬುವ ಬಗೆಯದಾದರೆ ಒಳಗಿನ ಅನಿಲದ ಸಿಲಿಂಡರ್ ಬಿಗಿಯಾಗಿದೆಯೇ ಎಂದು ಪ್ರತಿ ಬಾರಿ ಕೈಯಿಂದ ತಿರುಗಿಸಿ ನೋಡಬೇಕು. ತೊಡೆಯ ನಡುವಿನ ಪಟ್ಟಿ ಕಟ್ಟದಿದ್ದರೆ ನೀರಿನಲ್ಲಿ ಜಾಕೆಟ್ ಮೇಲಕ್ಕೆ ಜಾರಿ ಮುಖವನ್ನು ಮುಚ್ಚುತ್ತದೆ.

ಚಳಿಪ್ರದೇಶಗಳಲ್ಲಿ ಬೇಸಿಗೆಯಲ್ಲೂ ನೀರು ತಣ್ಣಗಿರುತ್ತದೆ. ತಣ್ಣೀರಿಗೆ ಬಿದ್ದ ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ಸಿಗುವುದಿಲ್ಲ, ಒಳ್ಳೆಯ ಈಜುಗಾರರೂ ಆಗಲೇ ನೀರು ಕುಡಿಯುತ್ತಾರೆ. ಆ ಹೊತ್ತಿನಲ್ಲಿ ಈಜಲು ಯತ್ನಿಸದೆ, ಜಾಕೆಟ್ ಹಿಡಿದು ತೇಲುತ್ತ ಉಸಿರನ್ನು ಹತೋಟಿಗೆ ತರಬೇಕು. ಇನ್ನು ಬೂಮ್, ಅಂದರೆ ಮುಖ್ಯ ಹಾಯಿಯ ಕೆಳಗಿನ ಅಡ್ಡಕೋಲು: ಗಾಳಿ ಬೆನ್ನಿಗಿರುವಾಗ ಅದು ಎಚ್ಚರಿಕೆಯಿಲ್ಲದೆ ತಲೆಯ ಎತ್ತರದಲ್ಲಿ ಬೀಸಿ ಬರಬಲ್ಲದು. ಎಲ್ಲಿ ಕೂರಬಾರದೆಂದು ಮೊದಲ ದಿನವೇ ಅವಳಿಗೆ ತೋರಿಸಿರಬೇಕು.

ಮುಖ್ಯಸ್ಥರನ್ನು ಒಂದು ಪ್ರಶ್ನೆ ಕೇಳಿ: ನೀವೇ ನೀರಿಗೆ ಬಿದ್ದರೆ ದೋಣಿಯನ್ನು ತಿರುಗಿಸಿ ತರುವವರು ಯಾರು? ಮೂವರಲ್ಲಿ ಒಬ್ಬರು ಬಿದ್ದರೆ ಉಳಿಯುವುದು ಇಬ್ಬರೇ. ಅವರಲ್ಲಿ ಒಬ್ಬರು ಬಿದ್ದವರಿಂದ ಕಣ್ಣು ಕೀಳದೆ ಕೈತೋರುತ್ತಿರಬೇಕು, ಇನ್ನೊಬ್ಬರೇ ದೋಣಿ ನಡೆಸಬೇಕು. ಒದ್ದೆಯಾದ ವ್ಯಕ್ತಿಯನ್ನು ಅಂಚಿನ ಮೇಲೆತ್ತುವುದು ಇಬ್ಬರಿಗೂ ಭಾರವೇ, ಏಣಿಯೋ ಹಗ್ಗದ ಕುಣಿಕೆಯೋ ಕೈಗೆ ಸಿಗುವಂತಿರಬೇಕು. ತಂಡದ ಪ್ರತಿಯೊಬ್ಬರಿಗೂ ಚುಕ್ಕಾಣಿ ಹಿಡಿದು ದೋಣಿ ನಿಲ್ಲಿಸಲು ಬರಬೇಕು, ನಿಮ್ಮ ಮಗಳಿಗೂ ಸಹ. ಇದನ್ನು ಅವರು ಅಭ್ಯಾಸ ಮಾಡಿಲ್ಲವೆಂದಾದರೆ, ಮಾಡುವವರೆಗೆ ಕಳುಹಿಸಬೇಡಿ. ಈಜು ತರಗತಿಗೂ ಇಂದೇ ಸೇರಿಸಿ.

ಪ್ರಶ್ನೆ: ಸರಣಿಯ ಅಂಕಗಳು ಹೇಗೆ? ಎರಡು ವಾರ ಬರಲಾಗದಿದ್ದರೆ ಬಹುಮಾನದ ಆಸೆ ಬಿಡಬೇಕೇ?

ಉತ್ತರ: ಸಾಮಾನ್ಯವಾಗಿ ಮೊದಲ ಸ್ಥಾನಕ್ಕೆ ಒಂದು ಅಂಕ, ಎರಡನೆಯದಕ್ಕೆ ಎರಡು, ಹೀಗೆ, ಕೊನೆಗೆ ಕಡಿಮೆ ಅಂಕದವರು ವಿಜೇತರು. ಬಾರದವರಿಗೆ ಸರಣಿಗೆ ಹೆಸರು ಕೊಟ್ಟ ಒಟ್ಟು ದೋಣಿಗಳಿಗಿಂತ ಒಂದು ಹೆಚ್ಚು ಅಂಕ ಬೀಳುತ್ತದೆ. ಇಪ್ಪತ್ತು ದೋಣಿಗಳಿದ್ದರೆ ಅದು 21. ದೀರ್ಘ ಸರಣಿಗಳಲ್ಲಿ ಅನೇಕ ಕ್ಲಬ್ಬುಗಳು ಇನ್ನೊಂದು ಕ್ರಮ ಇಟ್ಟುಕೊಂಡಿರುತ್ತವೆ: ಆರಂಭದ ಜಾಗಕ್ಕೆ ಬಂದೂ ಮುಗಿಸಲಾಗದವರಿಗೆ ಅಂದು ಅಲ್ಲಿಗೆ ಬಂದ ದೋಣಿಗಳ ಸಂಖ್ಯೆಗಿಂತ ಒಂದು ಮಾತ್ರ ಹೆಚ್ಚು. ಅಂದು ಬಂದದ್ದು ಎಂಟೇ ದೋಣಿಗಳಾದರೆ ನಿಮಗೆ ಒಂಬತ್ತು. ಹನ್ನೆರಡು ಅಂಕಗಳ ಈ ಅಂತರ ಒಂದು ಗೆಲುವಿಗಿಂತ ದೊಡ್ಡದು. ಆದ್ದರಿಂದ ಇಬ್ಬರೇ ಸಿಕ್ಕರೂ ಗಾಳಿ ಸೌಮ್ಯವಾಗಿದ್ದರೆ ಹೋಗಿ ಬನ್ನಿ. ಎಷ್ಟು ಕೆಟ್ಟ ಫಲಿತಾಂಶಗಳನ್ನು ಲೆಕ್ಕದಿಂದ ಬಿಡಬಹುದೆಂದು ನಿಮ್ಮ ಕ್ಲಬ್ಬಿನ ಸ್ಪರ್ಧಾ ಸೂಚನೆಯಲ್ಲಿ ಬರೆದಿರುತ್ತದೆ. ಬೇರೇನೂ ಹೇಳದಿದ್ದರೆ ಒಂದು. ಎರಡು ಬಿಡಲು ಅವಕಾಶವಿದ್ದರೆ ನಿಮ್ಮ ಎರಡು ವಾರಗಳು ಅಲ್ಲಿಗೇ ಸರಿಹೋದವು, ಆದರೆ ಆಮೇಲೆ ಒಂದು ಕೆಟ್ಟ ಸಂಜೆಗೂ ಜಾಗ ಉಳಿಯುವುದಿಲ್ಲ.

ಕೊನೆಯಲ್ಲಿ ಇಬ್ಬರ ಅಂಕ ಸಮವಾದರೆ ಲೆಕ್ಕಕ್ಕೆ ಉಳಿದ ಫಲಿತಾಂಶಗಳನ್ನು ಒಳ್ಳೆಯದರಿಂದ ಕೆಟ್ಟದಕ್ಕೆ ಜೋಡಿಸಿ, ಮೊದಲು ವ್ಯತ್ಯಾಸ ಬರುವಲ್ಲಿ ಮುಂದಿರುವವರನ್ನು ಆರಿಸುತ್ತಾರೆ. ಅಲ್ಲಿಯೂ ಸಮವಾದರೆ ಕೊನೆಯ ರೇಸಿನಲ್ಲಿ ಯಾರು ಮುಂದಿದ್ದರೋ ಅವರಿಗೆ ಬಹುಮಾನ. ಆ ಕೊನೆಯ ರೇಸಿನ ಅಂಕವನ್ನು ನೀವು ಲೆಕ್ಕದಿಂದ ಬಿಟ್ಟಿದ್ದರೂ ಈ ಹಂತದಲ್ಲಿ ಅದು ಎಣಿಕೆಗೆ ಬರುತ್ತದೆ.